ಹೊಳೆ ತಿರುಗುವ ಹೊತ್ತು

ಹೊಳೆಯೊಂದು ವರ್ಷಕ್ಕೊಮ್ಮೆ ಬಂದ ದಾರಿಯಲ್ಲೇ ಹಿಂದಕ್ಕೆ ಹರಿಯುತ್ತದೆ ಎಂದರೆ ನಮ್ಮ ಕಡೆ ಯಾರೂ ತಟ್ಟನೆ ನಂಬಲಿಕ್ಕಿಲ್ಲ. ಪುರಾಣದಲ್ಲಿ ಬಂದರೆ ಯಾವನೋ ಋಷಿ ಶಾಪ ಕೊಟ್ಟಿರಬೇಕು ಎಂದುಕೊಂಡು ಪುಟ ತಿರುವುತ್ತೇವೆ. ಕಾಂಬೋಡಿಯದ ತೊನ್ಲೆ ಸಾಪ್ ಹೊಳೆ ಯಾರ ಶಾಪವೂ ಇಲ್ಲದೆ ಈ ಕೆಲಸ ಮಾಡುತ್ತದೆ. ಬೇಸಿಗೆಯಲ್ಲಿ ಅದು ದೇಶದ ನಡುವಿನ ದೊಡ್ಡ ಸರೋವರದಿಂದ ಹೊರಟು, ಸುಮಾರು 120 ಕಿ.ಮೀ. ಹರಿದು, ರಾಜಧಾನಿ ನೋಮ್ ಪೆನ್‌ನಲ್ಲಿ ಮೆಕಾಂಗ್ ನದಿಯನ್ನು ಸೇರುತ್ತದೆ. ಜೂನ್ ಹೊತ್ತಿಗೆ ಮುಂಗಾರು ಹಿಡಿದು ಮೆಕಾಂಗ್ ಉಕ್ಕುತ್ತದೆ. ನದಿಯ ಮಟ್ಟ ಸರೋವರದ ಮಟ್ಟಕ್ಕಿಂತ ಮೇಲೇರಿತೋ, ಹೊಳೆಗೆ ಬೇರೆ ದಾರಿಯಿಲ್ಲ. ಮೊದಲು ನಿಲ್ಲುತ್ತದೆ, ಆಮೇಲೆ ತಿರುಗುತ್ತದೆ. ನಾಲ್ಕೈದು ತಿಂಗಳು ಮೆಕಾಂಗಿನ ಕೆಂಪು ನೀರು ಸರೋವರಕ್ಕೆ ನುಗ್ಗುತ್ತಲೇ ಇರುತ್ತದೆ. ಬೇಸಿಗೆಯಲ್ಲಿ 2,500 ಚದರ ಕಿ.ಮೀ. ಆಸುಪಾಸಿನಲ್ಲಿ, ಎದೆಯಾಳವೂ ಇಲ್ಲದೆ ಮಲಗಿರುವ ನೀರು ಒಳ್ಳೆಯ ಮಳೆಗಾಲದಲ್ಲಿ 10,000 ದಾಟಿ, ಕೆಲವು ವರ್ಷ 15,000 ಚದರ ಕಿ.ಮೀ. ತನಕ ಹರಡಿಕೊಳ್ಳುತ್ತದೆ. ಆಳ ಎಂಟೊಂಬತ್ತು ಮೀಟರಿಗೆ ಏರುತ್ತದೆ. ಮಳೆ ಇಳಿದ ಮೇಲೆ ಹೊಳೆ ಮತ್ತೆ ಮುಖ ತಿರುಗಿಸಿ ನೀರನ್ನೆಲ್ಲ ಸಮುದ್ರದ ಕಡೆಗೆ ಕಳಿಸುತ್ತದೆ. ಕಾರ್ತಿಕದ ಹುಣ್ಣಿಮೆಗೆ ಅಲ್ಲಿಯವರು ದೋಣಿ ಪಂದ್ಯ ಕಟ್ಟಿ ಅದನ್ನು ಬೀಳ್ಕೊಡುತ್ತಾರೆ.

ಏಳು ಶತಮಾನದ ಹಿಂದೆ ಇದನ್ನು ನೋಡಿದ ಚೀನೀಯನೊಬ್ಬ ಬರೆದಿಟ್ಟು ಹೋಗಿದ್ದಾನೆ. ಝೌ ದಾಗುವಾನ್ ಎಂಬ ಆತ ರಾಯಭಾರಿಗಳ ತಂಡದ ಜೊತೆ 1296ರಲ್ಲಿ ಆ ದೇಶದ ಅಂದಿನ ರಾಜಧಾನಿ ಅಂಗ್ಕೋರ್‌ಗೆ ಬಂದು ಸುಮಾರು ಒಂದು ವರ್ಷ ಅಲ್ಲಿದ್ದ. ಮಳೆಗಾಲದಲ್ಲಿ ಮಧ್ಯಾಹ್ನವಾದರೆ ಮಳೆ, ಸರೋವರ ಏರಿ ದೊಡ್ಡ ಮರಗಳ ತುದಿಯಷ್ಟೇ ಕಾಣುವುದು, ದಡದವರು ಗುಡ್ಡದ ಕಡೆ ಸರಿಯುವುದು, ಮಳೆ ನಿಂತ ಮೇಲೆ ಅದೇ ನೀರಿನಲ್ಲಿ ಸಣ್ಣ ದೋಣಿಯಷ್ಟೇ ಆಡುವುದು, ಎಲ್ಲವನ್ನೂ ಸಾಮಾನು ಪಟ್ಟಿ ಬರೆದಷ್ಟು ತಣ್ಣಗೆ ಬರೆದಿದ್ದಾನೆ. ಅಷ್ಟು ತಣ್ಣಗೆ ಬರೆಯಲು ಅವನಿಗೆ ಹೇಗೆ ಮನಸ್ಸು ಬಂತು ಎಂದು ನಾನು ಬಹಳ ಸಲ ಯೋಚಿಸಿದ್ದುಂಟು. ಬಹುಶಃ ಅಲ್ಲಿಯ ಜನ ಅದನ್ನು ಅಷ್ಟೇ ತಣ್ಣಗೆ ಅವನಿಗೆ ಹೇಳಿರಬೇಕು. ನೀರು ಬರುತ್ತದೆ, ಮರ ಮುಳುಗುತ್ತದೆ, ನಾವು ಮೇಲೆ ಹೋಗುತ್ತೇವೆ. ಅದರಲ್ಲಿ ಬೆರಗಾಗಲು ಏನಿದೆ?

ಏನಿದೆ ಎಂದು ತಿಳಿಯಬೇಕಾದರೆ ಸರೋವರದ ಅಂಚಿನ ಕಂಪಾಂಗ್ ಫ್ಲುಕ್‌ನಂಥ ಊರಿಗೆ ಬೇಸಿಗೆಯಲ್ಲೇ ಹೋಗಬೇಕು. ಪ್ರವಾಸಿಗರು ನೀರು ತುಂಬಿದಾಗ ಹೋಗುತ್ತಾರೆ. ಆಗ ಅದು ಬರೀ ಚಂದದ ಊರು. ಬೇಸಿಗೆಯಲ್ಲಿ ಒಣಗಿ ಬಿರುಕುಬಿಟ್ಟ ಕೆಸರಿನ ಬೀದಿಯಲ್ಲಿ ನಿಂತು ತಲೆಯೆತ್ತಿದರೆ ಆರೇಳು ಮೀಟರ್ ಎತ್ತರದಲ್ಲಿ, ಬಡಕಲು ಮರದ ಕಂಬಗಳ ಮೇಲೆ ಮನೆ ಕೂತಿರುತ್ತದೆ. ಮೂರಂತಸ್ತಿನ ಎತ್ತರದಲ್ಲಿ ಒಬ್ಬ ಅಜ್ಜಿ ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿರುತ್ತಾಳೆ. ಕಡಿದಾದ ಮೆಟ್ಟಿಲೊಂದು ಅಲ್ಲಿಗೆ ಏರುತ್ತದೆ. ಕಂಬದ ಮೇಲೆ ನೀರಿನ ಗುರುತುಗಳು ಒಂದರ ಮೇಲೊಂದು, ಪಾಚಿ ಒಣಗಿ ಬೂದಿ ಬಣ್ಣಕ್ಕೆ ತಿರುಗಿದ ಗೆರೆಗಳು. ಕೆಳಗಿನ ನೆರಳಿನಲ್ಲಿ ಬಲೆ ರಿಪೇರಿ, ಸೀಗಡಿ ಒಣಗಿಸುವುದು, ಮಕ್ಕಳ ಗೋಲಿಯಾಟ. ಮಳೆಗಾಲ ಬಂದಂತೆ ಈ ಬದುಕು ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತದೆ. ಕೊನೆಗೆ ದೋಣಿಯನ್ನು ಬಾಗಿಲಿಗೇ ಕಟ್ಟುವಷ್ಟು ನೀರು. ಆ ಮೆಟ್ಟಿಲನ್ನು ಜೋಡಿಸಿದವನ ಧೈರ್ಯ ನೋಡಿ. ಸುತ್ತ ಧೂಳು ಹಾರುತ್ತಿರುವ ನೆಲದಲ್ಲಿ ನಿಂತು, ಇಲ್ಲಿಗೆ ನೀರು ಬಂದೇ ಬರುತ್ತದೆ, ಇಷ್ಟೇ ಎತ್ತರಕ್ಕೆ ಬರುತ್ತದೆ ಎಂದು ಮರಕ್ಕೆ ಮೊಳೆ ಹೊಡೆದಿದ್ದಾನೆ.

ನಮಗೆ ವಿಸ್ಮಯವೆಂದರೆ ರಜೆಯ ದಿನದ ಬಾಬತ್ತು. ಎಲ್ಲಿಗೋ ಹೋಗಿ, ಏನೋ ನೋಡಿ, ಬಾಯಿ ತೆರೆದು, ಫೋಟೋ ತೆಗೆದು, ಸೋಮವಾರ ಬೆಳಗ್ಗೆ ಕೆಲಸಕ್ಕೆ ಮರಳುವುದು. ಅಂಗ್ಕೋರ್ ವಾಟ್‌ನ ಕೊಳದ ಬದಿಯಲ್ಲಿ ಸೂರ್ಯೋದಯಕ್ಕೆಂದು ನಸುಕಿನಲ್ಲೇ ಜಮಾಯಿಸುವ ನೂರಾರು ಜನ ಹೀಗೆ ಬಂದವರು. ನನಗೆ ಅವರ ಮೇಲೆ ಸಿಟ್ಟೇನಿಲ್ಲ. ಆದರೆ ಅಲ್ಲಿಂದ ಸ್ವಲ್ಪ ದೂರದ ಬಾಯೋನ್ ಗುಡಿಯ ಹೊರಗೋಡೆಯನ್ನು ಅವರಲ್ಲಿ ಹೆಚ್ಚಿನವರು ಬಿರಬಿರನೆ ದಾಟಿಬಿಡುತ್ತಾರಲ್ಲ, ಅದೇ ಬೇಸರ. ಏಳನೆಯ ಜಯವರ್ಮ ರಾಜನ ಕಾಲದ ಆ ಗೋಡೆಯಲ್ಲಿ ಯುದ್ಧ ಇದೆ, ಮೆರವಣಿಗೆ ಇದೆ, ಅವುಗಳ ಕೆಳಗೆ ಊರೂ ಇದೆ. ಕೋಳಿ ಅಂಕ, ಎತ್ತಿನ ಗಾಡಿ, ಸಂತೆಯಲ್ಲಿ ಕೂತ ಹೆಂಗಸರು, ಒಲೆಯ ಮೇಲಿನ ಪಾತ್ರೆ. ದೋಣಿಗಳ ಸುತ್ತ ಶಿಲ್ಪಿ ಕೆತ್ತಿದ ಮೀನುಗಳು ಮರದ ಕೊಂಬೆಗಳ ನಡುವೆ ಈಜುತ್ತಿವೆ. ಕಲ್ಪನೆ ಎಂದುಕೊಳ್ಳಬೇಕು, ಆದರೆ ಅಲ್ಲ. ಮಳೆಗಾಲದಲ್ಲಿ ಸರೋವರದ ಸುತ್ತಲ ಕಾಡು ಮುಳುಗಿದಾಗ ಮೀನುಗಳು ನಿಜವಾಗಿಯೂ ಕೊಂಬೆಗಳ ನಡುವೆ ಓಡಾಡುತ್ತವೆ, ಹಣ್ಣು ತಿನ್ನುತ್ತವೆ, ಬೇರುಗಳ ಸಂದಿಯಲ್ಲಿ ಮರಿ ಬೆಳೆಸುತ್ತವೆ. ಶಿಲ್ಪಿ ಕಂಡದ್ದನ್ನು ಕೆತ್ತಿದ, ಅಷ್ಟೇ.

ಈ ನೀರಿನ ಲೆಕ್ಕದಲ್ಲಿ ಅಡುಗೆಮನೆಯೂ ಸೇರಿದೆ. ಹೊಳೆ ಮುಖ ತಿರುಗಿಸಿ ಸರೋವರ ಇಳಿಯತೊಡಗಿದಾಗ, ಕಾಡಿನಲ್ಲಿ ಕೊಬ್ಬಿದ ಮೀನುಗಳು ಮೆಕಾಂಗಿನ ಕಡೆಗೆ ಹೊರಡುತ್ತವೆ. ಅವುಗಳಲ್ಲಿ ರಿಯೆಲ್ ಎಂಬ ಬೆರಳುದ್ದದ ಬೆಳ್ಳಿಮೀನೇ ಹೆಚ್ಚು. ಆ ದೇಶದ ನಾಣ್ಯದ ಹೆಸರೂ ರಿಯೆಲ್ಲೇ, ಮೀನಿನಿಂದಲೇ ನಾಣ್ಯಕ್ಕೆ ಹೆಸರು ಬಂತೆಂದು ಊರವರು ನಗುತ್ತಾರೆ. ಡಿಸೆಂಬರ್, ಜನವರಿಯಲ್ಲಿ ಹುಣ್ಣಿಮೆಗೆ ಮುಂಚಿನ ಕೆಲವು ದಿನ ಈ ಮೀನುಗಳು ಹಿಂಡು ಹಿಂಡಾಗಿ ಇಳಿಯುತ್ತವೆ. ಹೊಳೆಗೆ ಅಡ್ಡಲಾಗಿ ಸಾಲು ಹಿಡಿದು ಕಟ್ಟಿದ ಉದ್ದನೆಯ ಚೀಲದ ಬಲೆಗಳಲ್ಲಿ ಆಗ ನಿದ್ದೆಯೆಂಬುದಿಲ್ಲ. ಒಳನಾಡಿನ ರೈತರು ಆ ದಿನಗಳಿಗೆ ಸರಿಯಾಗಿ ಭತ್ತ, ಉಪ್ಪು, ಜಾಡಿ ಹೇರಿಕೊಂಡು ಬಂದು ಹೊಳೆದಂಡೆಯಲ್ಲಿ ಬಿಡಾರ ಹೂಡುತ್ತಿದ್ದರು. ಈಗ ಎತ್ತಿನ ಗಾಡಿಯ ಜಾಗಕ್ಕೆ ಮೋಟಾರು ಗಾಡಿ ಬಂದಿದೆ, ಕೆಲಸ ಅದೇ. ಮೀನಿನ ತಲೆ ಚಿವುಟಿ, ಬುಟ್ಟಿಯಲ್ಲಿ ಹಾಕಿ ಕಾಲಲ್ಲಿ ತುಳಿದು, ಕೊಬ್ಬು ಹೋಗುವ ತನಕ ತೊಳೆದು, ಬಿಸಿಲಿಗೆ ಹರಡಿ, ಉಪ್ಪು ಬೆರೆಸಿ ಜಾಡಿಗೆ ತುಂಬಿದರೆ ಕೆಲವು ತಿಂಗಳಲ್ಲಿ ಪ್ರಹೋಕ್ ಸಿದ್ಧ. ವಾಸನೆಯ ವಿಷಯ ಬರೆಯದಿರುವುದೇ ಕ್ಷೇಮ. ಕರಾವಳಿಯಲ್ಲಿ ಒಣಮೀನಿನ ಜೊತೆ ಬೆಳೆದವರಿಗೂ ಮೊದಲ ಸಲ ಮೂಗು ತಿರುಗುತ್ತದೆ. ಆದರೆ ಆ ದೇಶದ ಬಹುಸಂಖ್ಯಾತರಾದ ಖ್ಮೇರ್ ಜನರ ರೈತಮನೆಗಳಲ್ಲಿ ವರ್ಷವಿಡೀ ಅನ್ನಕ್ಕೆ ರುಚಿ ಕೊಡುವುದು ಅದೇ ಜಾಡಿ. ಜೂನ್‌ನಲ್ಲಿ ತಿರುಗಿದ ಹೊಳೆಯನ್ನು ಅವರು ಮುಂದಿನ ಜೂನ್ ತನಕ ಉಣ್ಣುತ್ತಾರೆ.

ಸರೋವರದ ವಾಯವ್ಯ ಮೂಲೆಯಲ್ಲಿ ಪ್ರೆಕ್ ತೋಲ್ ಎಂಬ ಮುಳುಗುಕಾಡಿದೆ. ಅಲ್ಲಿ ಗೂಡು ಕಟ್ಟುವ ಹಕ್ಕಿಗಳಲ್ಲಿ ಹೆಜ್ಜಾರ್ಲೆಯೂ ಇದೆ, ಬಣ್ಣದ ಕೊಕ್ಕರೆಯೂ ಇದೆ. ಮದ್ದೂರಿನ ಹತ್ತಿರದ ಕೊಕ್ಕರೆ ಬೆಳ್ಳೂರಿನಲ್ಲಿ ಊರ ನಡುವಿನ ಹುಣಸೆಮರ, ಆಲದಮರಗಳಲ್ಲಿ ಸಂಸಾರ ಹೂಡುವ ಅದೇ ಜಾತಿಗಳು. ಹಕ್ಕಿಗಳಿಗಾದರೂ ನಮ್ಮ ನೆಂಟಸ್ತಿಕೆ ಗೊತ್ತು. ಹಬ್ಬದಲ್ಲೂ ಆ ನೆಂಟಸ್ತಿಕೆ ಕಾಣುತ್ತದೆ. ಭಾದ್ರಪದದಲ್ಲಿ, ಹೆಚ್ಚುಕಡಿಮೆ ನಮ್ಮ ಪಿತೃಪಕ್ಷದ ಹೊತ್ತಿಗೆ, ಖ್ಮೇರರು ಹದಿನೈದು ದಿನ ಸತ್ತವರ ಹಬ್ಬ ಮಾಡುತ್ತಾರೆ. ಬೆಳಕು ಹರಿಯುವ ಮುಂಚೆ ಬೌದ್ಧ ವಿಹಾರದ ಸುತ್ತ ನಡೆಯುತ್ತ ಅಂಟಕ್ಕಿಯ ಅನ್ನದ ಉಂಡೆಗಳನ್ನು ಕತ್ತಲಿಗೆ ಎಸೆಯುತ್ತಾರೆ. ಸೂಜಿಯ ಕಣ್ಣಿನಷ್ಟು ಸಣ್ಣ ಬಾಯಿಯ ಪ್ರೇತಗಳು ಬೆಳಕಿಗೆ ಹೆದರುತ್ತವಂತೆ, ಅದಕ್ಕೇ ನಸುಕಿನ ಗಡಿಬಿಡಿ. ಗದ್ದೆ ನೀರಿನಡಿ ಇರುವ, ಹಳೆಯ ಭತ್ತ ಮುಗಿಯುತ್ತ ಬಂದು ಹೊಸದು ಇನ್ನೂ ತೆನೆಗೆ ಬಾರದ ಕಾಲ ಅದು. ಬದುಕಿದ್ದವರಿಗೇ ಅನ್ನ ಸಾಲದ ಹೊತ್ತಿನಲ್ಲಿ ಸತ್ತವರನ್ನು ಊಟಕ್ಕೆ ಕರೆಯುತ್ತಾರೆ.

ಇನ್ನು ಗದ್ದೆ ಬಯಲಿನ ತಾಳೆಮರ. ಅದನ್ನು ಬಿಟ್ಟು ಖ್ಮೇರ್ ಹಳ್ಳಿಯ ಚಿತ್ರ ಬರೆಯುವವರಿಲ್ಲ, ಹಾಗಾಗಿ ನಾನು ಹೆಚ್ಚು ಹೇಳುವುದಿಲ್ಲ. ಮೂರ್ತೆಯವರು ಗಿಣ್ಣು ಬಿಟ್ಟ ಬಿದಿರನ್ನೇ ಏಣಿಯಾಗಿ ಮರಕ್ಕೆ ಕಟ್ಟುತ್ತಾರೆ. ಸೊಂಟದಲ್ಲಿ ಬಿದಿರಿನ ಕೊಳವೆಗಳು ಖಟಖಟ ಅನ್ನುತ್ತಿರುತ್ತವೆ. ಹೊಂಬಾಳೆಯನ್ನು ಮರದ ಇಕ್ಕಳದಲ್ಲಿ ದಿನಾ ಒತ್ತಿ ಒತ್ತಿ ಹದಕ್ಕೆ ತಂದು, ತುದಿಯನ್ನು ತೆಳ್ಳಗೆ ಕೊಯ್ದು ಕೊಳವೆ ತೂಗುಹಾಕುತ್ತಾರೆ. ಹುಳಿಯದಿರಲಿ ಎಂದು ನಮ್ಮವರು ಮಡಕೆಗೆ ಸುಣ್ಣ ಬಳಿದರೆ ಅವರು ಒಂದು ಜಾತಿಯ ಮರದ ಚೂರನ್ನು ಕೊಳವೆಗೆ ಹಾಕುತ್ತಾರೆ. ಕಂಪಾಂಗ್ ಸ್ಪೂ ಸೀಮೆಯ ತಾಳೆಸಕ್ಕರೆಗೆ 2010ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ವಿಷಯ. ನೆಟ್ಟ ತಾಳೆ ರಸ ಕೊಡಲು ಹತ್ತು ಹದಿನೈದು ವರ್ಷವಾದರೂ ಬೇಕು. ಇವತ್ತು ಏರುವ ಮರ ಅಪ್ಪನೋ ಅಜ್ಜನೋ ನೆಟ್ಟದ್ದು, ಇಲ್ಲವೇ ಯಾರೂ ನೆಡದೆ ಗದ್ದೆಯ ಬದುವಿನಲ್ಲಿ ತಾನೇ ಎದ್ದದ್ದು. 

ಬಯಲು ಬಿಟ್ಟು ಈಶಾನ್ಯಕ್ಕೆ, ವಿಯೆಟ್ನಾಮಿನ ಗಡಿಯ ಕಡೆ ಏರಿದರೆ ಮೊಂಡುಲ್‌ಕಿರಿ, ರತನಕಿರಿ ಸೀಮೆಗಳು. ಇಲ್ಲಿಯ ಮೂಲದವರು ಖ್ಮೇರರಲ್ಲ. ಬುನಾಂಗ್, ತಂಪುವನ್, ಕ್ರೂಂಗ್, ಜರಾಯ್, ಬ್ರಾವ್, ಒಬ್ಬೊಬ್ಬರದೂ ಬೇರೆ ಮಾತು, ಬೇರೆ ದೈವ. ಖ್ಮೇರರ ಮನೆ ಕಂಬದ ಮೇಲೆ ಎದ್ದು ನಿಂತರೆ ಬುನಾಂಗರ ಹಳೆಯ ಕಾಲದ ಮನೆ ನೆಲಕ್ಕೆ ಅಂಟಿ ಕೂತಿರುತ್ತದೆ. ಹುಲ್ಲಿನ ಮಾಡು ಮೊಣಕಾಲಿನ ತನಕ ಇಳಿದಿರುತ್ತದೆ, ಬಗ್ಗದೆ ಒಳಗೆ ಕಾಲಿಡುವಂತಿಲ್ಲ. ಒಳಗೆ ತಲೆಮಾರುಗಳಿಂದ ಬಂದ ಜಾಡಿಗಳು, ಜಾಗಟೆಗಳು. ಜಾಡಿಯಲ್ಲಿ ಅಕ್ಕಿಯ ಕಳ್ಳು ಹುಳಿಯುತ್ತಿರುತ್ತದೆ. ಹಬ್ಬದ ದಿನ ಉದ್ದನೆಯ ಬಿದಿರಿನ ನಳಿಗೆ ಇಳಿಸಿ ಒಬ್ಬರಾದ ಮೇಲೊಬ್ಬರು ಹೀರುತ್ತಾರೆ.

ರತನಕಿರಿಯ ಬಾನ್‌ಲುಂಗ್ ಪಟ್ಟಣದ ಹತ್ತಿರ ಯಕ್ ಲೋಮ್ ಎಂಬ ಕೊಳವಿದೆ. ಆರಿಹೋದ ಜ್ವಾಲಾಮುಖಿಯ ಬಾಯಲ್ಲಿ ನಿಂತ ನೀರು, ಕೈವಾರ ಹಿಡಿದು ಎಳೆದಷ್ಟು ದುಂಡಗೆ. ಎಲ್ಲ ಪುಸ್ತಕಗಳೂ ಅದನ್ನು ಹೊಗಳುತ್ತವೆ, ಹೊಗಳಲಿ. ತಂಪುವನ್ನರಿಗೆ ಅದು ದೈವದ ಜಾಗ, ನೋಡಿಕೊಳ್ಳುತ್ತಿರುವವರೂ ಅವರೇ. ಆದರೆ ಗುಡ್ಡದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಕೊಳವಲ್ಲ, ಅಲ್ಲಿಯವರು ಕಾಲವನ್ನು ಇಡುವ ಜಾಗ.

ಜಾರ್ಜ್ ಕೊಂಡೊಮಿನಾಸ್ ಎಂಬ ಫ್ರೆಂಚ್ ಮಾನವಶಾಸ್ತ್ರಜ್ಞ 1948–49ರಲ್ಲಿ ಗಡಿಯಾಚೆ, ವಿಯೆಟ್ನಾಮಿನ ಸಾರ್ ಲುಕ್ ಎಂಬ ಹಳ್ಳಿಯಲ್ಲಿ, ಬುನಾಂಗರ ದಾಯಾದಿಗಳೇ ಆದ ಮ್ನಾಂಗ್ ಗಾರ್ ಜನರ ಜೊತೆ ಬದುಕಿದ. 1957ರಲ್ಲಿ ಅವನು ಪ್ರಕಟಿಸಿದ ಪುಸ್ತಕದ ಹೆಸರೇ ‘ನಾವು ಕಾಡನ್ನು ತಿಂದೆವು’. ಆ ಜನಕ್ಕೆ ವರ್ಷಕ್ಕೆ ಅಂಕಿಯಿಲ್ಲ. ಯಾವ ವರ್ಷ ಎಂದು ಕೇಳಿದರೆ ಯಾವ ಕಾಡನ್ನು ಕಡಿದು ಸುಟ್ಟು ಬಿತ್ತಿ ಉಂಡರೋ ಆ ಕಾಡಿನ ಹೆಸರು ಹೇಳುತ್ತಿದ್ದರು. ಒಬ್ಬಳ ಮದುವೆ ಇಂಥ ಹಳ್ಳದ ಮೇಲಿನ ಕಾಡಿನಲ್ಲಿ, ಇನ್ನೊಬ್ಬನ ಸಾವು ಇಂಥ ಬಂಡೆಯ ಕೆಳಗಿನ ಕಾಡಿನಲ್ಲಿ. ಉಂಡ ಕಾಡನ್ನು ಬಿಟ್ಟು ಮುಂದೆ ಹೋಗುತ್ತಾರೆ. ಹತ್ತಿಪ್ಪತ್ತು ವರ್ಷಗಳಲ್ಲಿ ಅಲ್ಲಿ ಮರ ಎದ್ದು ನಿಂತ ಮೇಲೆ ಮತ್ತೆ ಅದೇ ಕಾಡಿಗೆ ಬರುತ್ತಾರೆ. ಹೋದ ವರ್ಷಗಳು ನಮಗೆ ಹೋದವೇ. ಅವರಿಗೆ ಅವು ಗುಡ್ಡದ ಆಚೆ ಮಗ್ಗುಲಲ್ಲಿ ಬೆಳೆಯುತ್ತಿರುತ್ತವೆ. ನಡೆದು ಹೋಗಿ ನೋಡಿಬರಬಹುದು, ಬಾಲ್ಯದ ಮೇಲೆ ಎಷ್ಟು ದಪ್ಪದ ಮರ ಬಂದಿದೆ ಎಂದು ತಬ್ಬಿ ಅಳೆಯಬಹುದು. 

ಕುಮ್ರಿ ಬೇಸಾಯ ಎಂದ ಕೂಡಲೇ ಕಾಡಿಗೆ ಕೊಳ್ಳಿಯಿಟ್ಟವರು ಎಂದು ಬೈಯುವ ಅಭ್ಯಾಸ ನಮ್ಮ ಅರಣ್ಯ ಇಲಾಖೆಗೆ ಬ್ರಿಟಿಷರ ಕಾಲದಿಂದ ಬಂದದ್ದು. ಕೆಲಸವನ್ನು ಹತ್ತಿರದಿಂದ ನೋಡಿದರೆ ಬೈಗುಳ ಸ್ವಲ್ಪ ಮೆತ್ತಗಾದೀತು. ಬೇಸಿಗೆಯಲ್ಲಿ ಕಡಿದ ಸೊಪ್ಪುಸದೆ ಒಣಗಿ, ಮಳೆಗೆ ಮುಂಚೆ ಸುಟ್ಟು ಬೂದಿಯಾಗಿರುತ್ತದೆ. ಮೊದಲ ಮಳೆ ಬಿದ್ದ ಮೇಲೆ ಗಂಡಸರು ಸಾಲು ಹಿಡಿದು, ಕೈಗೊಂದರಂತೆ ಚೂಪು ಮಾಡಿದ ಉದ್ದನೆಯ ಕೋಲು ಹಿಡಿದು ನೆಲಕ್ಕೆ ಕುಟ್ಟುತ್ತ ಹೋಗುತ್ತಾರೆ. ಹೆಂಗಸರು ಹಿಂದಿನಿಂದ ಬಗ್ಗಿ ಗುಳಿಗೆ ಒಂದು ಚಿಟಿಕೆ ಬೀಜ ಬಿಡುತ್ತ ಬರುತ್ತಾರೆ. ಭತ್ತದ ಜೊತೆಗೇ ಜೋಳ, ಎಳ್ಳು, ಕುಂಬಳ, ಸೋರೆ, ಮೆಣಸಿನಕಾಯಿ. ನೇಗಿಲಿಲ್ಲ, ಮಣ್ಣು ಮಗುಚುವುದಿಲ್ಲ, ದೊಡ್ಡ ಮರಗಳ ಬುಡ ಕೀಳುವುದಿಲ್ಲ. ಕಾಡು ಮರಳಿ ಬರಲು ಬೇರು ಅಲ್ಲೇ ಇರುತ್ತದೆ. ಇಷ್ಟೆಲ್ಲ ಆದ ಮೇಲೂ ಕೆಲವು ಕಾಡುಗಳಿಗೆ ಕೈ ಹಚ್ಚುವುದಿಲ್ಲ. ಒಂದು ದೈವದ ಕಾಡು, ಇನ್ನೊಂದು ಸತ್ತವರನ್ನು ಹೂಳುವ ಕಾಡು.

ಮತ್ತೊಂದು ಮರಕ್ಕೂ ಕೊಡಲಿ ಬೀಳುವುದಿಲ್ಲ, ಅದು ರಾಳದ ಮರ. ನಮ್ಮ ಘಟ್ಟದ ಧೂಪದ ಮರದ ಕುಲದ್ದೇ, ನೆಟ್ಟಗೆ ಮೂವತ್ತು ನಲವತ್ತು ಮೀಟರ್ ಏರುವ ಜಾತಿ. ಬುಡದಿಂದ ಸ್ವಲ್ಪ ಮೇಲೆ ಗೂಡಿನಂತೆ ಕೊರೆದು, ಒಳಗೆ ಒಣಹುಲ್ಲಿಟ್ಟು ಕೆಲವು ನಿಮಿಷ ಉರಿಸಿ ಆರಿಸುತ್ತಾರೆ. ಬಿಸಿಗೆ ಮರ ರಾಳ ಬಿಡುತ್ತದೆ. ವಾರ ಬಿಟ್ಟು ಬಂದರೆ ಗೂಡಿನ ತಳದಲ್ಲಿ ಜೇನಿನ ಬಣ್ಣದ ಎಣ್ಣೆ ನಿಂತಿರುತ್ತದೆ, ಗರಟೆಯಲ್ಲಿ ಬಾಚಿ ಡಬ್ಬಕ್ಕೆ ತುಂಬುತ್ತಾರೆ. ಯಾವ ಮರ ಯಾವ ಮನೆಯದು ಎಂಬುದು ಕಾಗದವಿಲ್ಲದೆಯೇ ಊರಿಗೆಲ್ಲ ಗೊತ್ತು, ತಲೆಮಾರಿನಿಂದ ತಲೆಮಾರಿಗೆ ಬಂದದ್ದು. ಈ ರಾಳ ಎಲ್ಲಿಗೆ ಹೋಗುತ್ತದೆ? ಒಂದಿಷ್ಟು ಪಂಜಿಗೆ. ಉಳಿದದ್ದು ವ್ಯಾಪಾರಿಗಳ ಕೈ ದಾಟುತ್ತ ಬಯಲಿಗೆ ಇಳಿದು, ಮರದ ದೋಣಿಗಳ ಸಂದಿಗೆ ಮೆತ್ತುವ ಮಡ್ಡಿಯಾಗುತ್ತದೆ. ಸರೋವರವನ್ನು ಕಂಡೇ ಇರದ ಬುನಾಂಗನೊಬ್ಬ ಗುಡ್ಡದಲ್ಲಿ ಕೊರೆದ ಗೂಡಿನಿಂದ, ಗುಡ್ಡವನ್ನು ಕಂಡೇ ಇರದ ಬೆಸ್ತನ ದೋಣಿ ನೀರು ಕುಡಿಯದೆ ತೇಲುತ್ತದೆ. ಹೊಳೆ ಹಿಂದಕ್ಕೆ ಹರಿಯುವುದಕ್ಕಿಂತ ಇದು ನನಗೆ ಕಡಿಮೆಯೇನೂ ಕಾಣುವುದಿಲ್ಲ.

ಇಂಥ ಲೆಕ್ಕಗಳನ್ನೆಲ್ಲ ಒಂದೇ ಏಟಿಗೆ ಅಳಿಸಲು ಹೊರಟವರೂ ಆ ದೇಶದಲ್ಲಿ ಬಂದುಹೋದರು. 1975ರಿಂದ 1979ರ ತನಕ ಆಳಿದ ಖ್ಮೇರ್ ರೂಜ್ ಸರ್ಕಾರ ಹೆಕ್ಟೇರಿಗೆ 3 ಟನ್ ಭತ್ತ ಎಂಬ ಗುರಿ ಇಟ್ಟು, ಅಂಕುಡೊಂಕಿನ ಗದ್ದೆಗಳನ್ನು ಕೆಡವಿ ಚದುರಂಗದ ಮನೆಯಂತೆ ಚೌಕ ಚೌಕ ಮಾಡಿಸಿತು. ಅಳತೆಗೋಲು ಹಿಡಿದು ಸಾವಿರಾರು ಕಾಲುವೆ ತೋಡಿಸಿತು. ನೀರು ಯಾವ ಕಡೆ ಇಳಿಯುತ್ತದೆ ಎಂದು ಬಲ್ಲ ಮುದುಕರ ಮಾತಿಗೆ ಬೆಲೆಯಿರಲಿಲ್ಲ, ಹೇಳುವ ಧೈರ್ಯವೂ ಯಾರಿಗೂ ಇರಲಿಲ್ಲ. ಆ ಹೊಲಗಳಲ್ಲಿ ಜನ ಹಸಿವಿನಿಂದ, ರೋಗದಿಂದ, ಕೊಲೆಯಿಂದ ಸತ್ತರು. ಗುಡ್ಡದ ಬುನಾಂಗರನ್ನು ಕೆಳಗಿನ ಕೊಹ್ ನ್ಯೆಕ್ ಸೀಮೆಗೆ ಅಟ್ಟಿ ಗದ್ದೆ ಉಳುವಂತೆ ಮಾಡಿದರು. ಅವರು ತಮ್ಮ ಕಾಡಿಗೆ ಮರಳಿದ್ದು ಎಂಬತ್ತರ ದಶಕದಲ್ಲಿ. ಅಷ್ಟರಲ್ಲಿ ಅವರು ಬಿಟ್ಟುಹೋದ ವರ್ಷಗಳ ಮೇಲೆಲ್ಲ ದಟ್ಟ ಮರ ಬಂದಿತ್ತು.

ಈಗಿನವರು ಅಷ್ಟು ಕ್ರೂರಿಗಳಲ್ಲ, ಅವಸರ ಮಾತ್ರ ಹಾಗೇ ಇದೆ. ರಬ್ಬರ್ ತೋಟಕ್ಕೆಂದು ಗುಡ್ಡಗಳನ್ನು ಕಂಪನಿಗಳಿಗೆ ಗುತ್ತಿಗೆ ಕೊಟ್ಟಾಗ ರಾಳದ ಮರಗಳು ದಿಮ್ಮಿಗಳಾದವು. ಸೆಸಾನ್ ನದಿಗೆ ಕಟ್ಟಿದ, 2018ರಲ್ಲಿ ಪೂರ್ತಿಯಾದ 400 ಮೆಗಾವಾಟಿನ ಅಣೆಕಟ್ಟಿನ ನೀರಿನಲ್ಲಿ ಬುನಾಂಗರ ಕ್ಬಾಲ್ ರೋಮಿಯಾಸ್ ಎಂಬ ಹಳ್ಳಿ ಮುಳುಗಿತು. ಹೂಳುವ ಕಾಡೂ ಮುಳುಗಿತು. ಹಲವು ಮನೆಯವರು ಪರಿಹಾರದ ಹೊಸ ಕಾಲೊನಿಗೆ ಹೋಗಲು ಒಪ್ಪದೆ ಹಳೆಯ ಊರಿನ ಎತ್ತರದ ಜಾಗಕ್ಕೆ ಸರಿದು ನಿಂತರು. ಸರೋವರದ ಬದಿಯವರಿಗೂ ನೀರು ಏರುವುದು ಹೊಸದಲ್ಲ, ಆದರೆ ಅವರ ನೀರಿಗೆ ಇಳಿಯುವ ತಿಂಗಳು ಒಂದಿದೆ. ಸೆಸಾನಿನ ನೀರಿಗೆ ಅದಿಲ್ಲ. ಮೆಕಾಂಗಿನ ಮೇಲ್ಭಾಗದ ಅಣೆಕಟ್ಟುಗಳು ಮತ್ತು ಬರ ಸೇರಿ ತೊನ್ಲೆ ಸಾಪ್ ತಿರುಗುವ ತಿಂಗಳೂ ತಪ್ಪತೊಡಗಿದೆ. 2019ರಲ್ಲೂ 2020ರಲ್ಲೂ ಅದು ತಡವಾಗಿ ತಿರುಗಿತು, ಅರೆಮನಸ್ಸಿನಿಂದ ತಿರುಗಿತು. 2015ರಲ್ಲಿ ನೀರು ಸಾಲದೆ ರಾಜಧಾನಿಯ ದೋಣಿ ಪಂದ್ಯವನ್ನೇ ಕೈಬಿಟ್ಟಿದ್ದರು.

ಗುಡ್ಡದವರ ಮಟ್ಟಿಗೆ ಒಂದು ಕಾನೂನಿದೆ. 2001ರ ಭೂ ಕಾಯಿದೆ ಬುಡಕಟ್ಟು ಸಮುದಾಯ ಇಡೀ ಊರಾಗಿ ನೆಲದ ಒಡೆತನ ಪಡೆಯಬಹುದೆಂದು ಹೇಳಿತು. ಸರದಿಗೆ ಬಿಟ್ಟ ಪಾಳು ಕಾಡನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು, ಅದು ಸಣ್ಣ ಮಾತಲ್ಲ. ಒಡೆತನದ ಕಾಗದ ಕೈಸೇರಲು ಮೂರು ಸಚಿವಾಲಯ ದಾಟಬೇಕು. ನೀವು ಬುಡಕಟ್ಟಿನವರು ಹೌದೆಂದು ಒಂದು, ನಿಮ್ಮದು ನೋಂದಾಯಿತ ಸಮುದಾಯವೆಂದು ಇನ್ನೊಂದು, ಭೂಮಿ ಇಂತಿಷ್ಟೆಂದು ಮತ್ತೊಂದು ಮುದ್ರೆ ಒತ್ತಬೇಕು. ಊರ ಹಿರಿಯರು ಜಿಪಿಎಸ್ ಹಿಡಿದ ಹುಡುಗರನ್ನು ಕಾಡಿಗೆ ಕರೆದೊಯ್ದು ಇದು ನಮ್ಮಪ್ಪ ಉಂಡ ಕಾಡು, ಇದು ನಾವು ಮುಂದೆ ಉಣ್ಣಬೇಕಾದದ್ದು ಎಂದು ತೋರಿಸುತ್ತ ನಡೆಯುತ್ತಾರೆ. ಇದಕ್ಕೆಂದು 2009ರಲ್ಲಿ ಹೊರಟ ಉಪ ಆದೇಶ ಒಂದು ಮಿತಿಯನ್ನೂ ಹಾಕಿದೆ. ಒಂದು ಸಮುದಾಯದ ದೈವದ ಕಾಡು 7 ಹೆಕ್ಟೇರ್ ಮೀರುವಂತಿಲ್ಲ, ಹೂಳುವ ಕಾಡೂ 7 ಹೆಕ್ಟೇರ್ ಮೀರುವಂತಿಲ್ಲ. ದೈವಕ್ಕೂ ಸತ್ತವರಿಗೂ ಸಮಪಾಲು ಕೊಟ್ಟ ಆ ಗುಮಾಸ್ತ ಯಾರೋ, 7 ಎಂಬ ಅಂಕಿ ಅವನಿಗೆ ಎಲ್ಲಿಂದ ಹೊಳೆಯಿತೋ. ಕಡತಗಳು ಮಾತ್ರ ಒಂದು ಸಚಿವಾಲಯದಿಂದ ಇನ್ನೊಂದಕ್ಕೆ ಹೋಗುತ್ತಿವೆ, ಅಷ್ಟರಲ್ಲಿ ಗುಡ್ಡದ ಮೇಲೆ ಮತ್ತೊಂದು ಕಾಡು ಉಣ್ಣುವ ಸರದಿ ಬಂದಿರುತ್ತದೆ.